ಬೆಟ್ಟವನ್ನು ಓದಲು ಕಲಿಸಿದವರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದೊಡನೆ ವಾಚಕರ ಕಣ್ಣಮುಂದೆ ಮೂಡುವ ಚಿತ್ರದಲ್ಲಿ ಬೆಟ್ಟಕ್ಕೆ ಎಡೆಯಿರುವುದಿಲ್ಲ. ಕೃಷ್ಣೆಯ ದಂಡೆಯ ಕರಿಯ ನೆಲ, ಆಳೆತ್ತರದ ಕಬ್ಬು, ಸಕ್ಕರೆ ಕಾರಖಾನೆಯ ಹೊಗೆಗೊಳವಿ, ನಿಪ್ಪಾಣಿಯ ತಂಬಾಕಿನ ಘಾಟು: ನಮ್ಮ ಸೀಮೆಯನ್ನು ಹೊರಗಿನವರು ಅರಿತಿರುವುದು ಇವುಗಳಿಂದ. ಆದರೂ ನಿಪ್ಪಾಣಿಯನ್ನು ದಾಟಿ ಬೆಳಗಾವಿಯ ಕಡೆಗೆ ಹೊರಟ ಹೆದ್ದಾರಿ ಸ್ವಲ್ಪ ದೂರದಲ್ಲಿಯೇ ಸ್ತವನಿಧಿಯ ಘಾಟನ್ನು ಏರುತ್ತದೆ. ಜೈನಕ್ಷೇತ್ರವೆಂದು ಹೆಸರಾದ ಆ ಸ್ಥಳಕ್ಕೆ ಯಾತ್ರಿಕರು ಬರುತ್ತಾರೆ, ಪಾರ್ಶ್ವನಾಥನಿಗೆ ಕೈಮುಗಿದು ಹಿಂದಿರುಗುತ್ತಾರೆ. ಸುತ್ತಲಿನ ಗುಡ್ಡಗಳನ್ನು ನೋಡಲೆಂದೇ ಬರುವವರು ವಿರಳ. ಅಲ್ಲಿ ನೋಡಲೇನಿದೆ, ಬರಿಯ ಹುಲ್ಲು ಕಲ್ಲು ಎಂಬುದು ಸಾಮಾನ್ಯವಾದ ಅಭಿಪ್ರಾಯ.

ಆ ಹುಲ್ಲಿಗೂ ಕಲ್ಲಿಗೂ ವರ್ಷದಲ್ಲಿ ಎರಡು ವಸಂತಗಳುಂಟು. ಮೊದಲನೆಯದು ಪಂಚಾಂಗದ ವಸಂತ. ಫಾಲ್ಗುಣ ಕಾಲಿಟ್ಟಾಗ ಮುತ್ತಲದ ಮರ ಎಲೆಗಳನ್ನೆಲ್ಲ ನೀಗಿಕೊಂಡು ಕೆಂಡದ ರಾಶಿಯಾಗುತ್ತದೆ. ಬೂರುಗ, ಹಾಲುವಾಣಗಳು ಕೆಂಪು ಹೂ ಹೊತ್ತು ನಿಲ್ಲುತ್ತವೆ. ಯುಗಾದಿ ಕಳೆದು ಬಿಸಿಲು ಬಲಿತಂತೆ ಕಕ್ಕೆಯ ಮರದಿಂದ ಹಳದಿ ಗೊಂಚಲುಗಳು ಇಳಿಬೀಳುತ್ತವೆ. ಎರಡನೆಯದು ನೆಲದ ವಸಂತ. ಮೃಗಶಿರೆಯ ಮಳೆ ಬಿದ್ದು ಎರಡು ಮೂರು ವಾರಗಳಾದರೆ, ನಿನ್ನೆಯವರೆಗೆ ಸುಟ್ಟಂತಿದ್ದ ಗುಡ್ಡದ ಮೈಯಲ್ಲಿ ಹುಲ್ಲಿನ ಸಂದಿಯಿಂದ ಬೆರಳುದ್ದದ ಒಂದು ಗಿಡ ಏಳುತ್ತದೆ. ನೆಲಕ್ಕೆ ಅಂಟಿಕೊಂಡ ಎಲೆ ಒಂದೇ. ಅದರ ನಡುವಿನಿಂದ ಹೊರಟ ಕಡ್ಡಿಯ ತುದಿಯಲ್ಲಿ ಒಂದೆರಡು ಅಚ್ಚ ಬಿಳಿಯ ಹೂ. ಹಬೆನೇರಿಯಾ ಎಂಬ ಕುಲಕ್ಕೆ ಸೇರಿದ ನೆಲದ ಆರ್ಕಿಡ್ ಅದು. ಮಲೆನಾಡಿನವರು ಸೀತಾಳೆ, ಸೀತೆದಂಡೆ ಎಂದೆಲ್ಲ ಕರೆಯುವ ಹೂಗಳ ಬಂಧು.

ನಾನು ಈ ಭಾಗದ ಶಾಲೆಗಳಲ್ಲಿ ಕನ್ನಡ ಕಲಿಸಿದ ಉಪಾಧ್ಯಾಯ. ಸಸ್ಯಶಾಸ್ತ್ರವನ್ನು ಕ್ರಮವಾಗಿ ಅಭ್ಯಸಿಸಿದವನಲ್ಲ. ಆ ಬಿಳಿಯ ಹೂವನ್ನು ಕಂಡು ನಿಲ್ಲುವಂತೆ, ನಿಂತು ಬಾಗುವಂತೆ ನನ್ನನ್ನು ಮಾಡಿದುದು ಒಂದು ಕನ್ನಡ ಪುಸ್ತಕ. ಅದನ್ನು ಬರೆದವರು ನಮ್ಮ ಜಿಲ್ಲೆಯವರಲ್ಲ, ನಮ್ಮ ಗುಡ್ಡಗಳನ್ನು ಕುರಿತು ಬರೆದವರೂ ಅಲ್ಲ. ಅವರನ್ನು ನಾನು ಕಂಡವನೂ ಅಲ್ಲ. ಆದರೂ ಇಲ್ಲಿ ಕುಳಿತು ಅವರ ಜೀವನವನ್ನು ನೆನೆಯಬೇಕೆನಿಸುತ್ತದೆ. ಅವರು ಬಿ. ಜಿ. ಎಲ್. ಸ್ವಾಮಿ, ಪೂರ್ಣ ಹೆಸರು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ.

ಗುಂಡಪ್ಪ ಎಂಬ ಹೆಸರು ಕಂಡೊಡನೆ ವಾಚಕರಿಗೆ ಅವರು ಯಾರ ಮಗನೆಂಬುದು ಹೊಳೆದಿರಬೇಕು. ಮುಳಬಾಗಿಲಿನಿಂದ ಬಂದು ಬೆಂಗಳೂರಿನಲ್ಲಿ ನೆಲೆನಿಂತು, ಪತ್ರಿಕೋದ್ಯೋಗದಿಂದಲೂ ಸಾರ್ವಜನಿಕ ಸೇವೆಯಿಂದಲೂ ಹೆಸರಾಗಿ, ೧೯೪೩ರಲ್ಲಿ ‘ಮಂಕುತಿಮ್ಮನ ಕಗ್ಗ’ವನ್ನು ಕನ್ನಡಕ್ಕೆ ಕೊಟ್ಟ ಡಿ. ವಿ. ಗುಂಡಪ್ಪನವರು ಸ್ವಾಮಿಯವರ ತಂದೆ. ತಾಯಿ ಭಾಗೀರಥಮ್ಮನವರನ್ನು ಸ್ವಾಮಿ ಬಾಲ್ಯದಲ್ಲಿಯೇ ಕಳೆದುಕೊಂಡರು. ಮನೆಯಲ್ಲಿ ಹಣ ವಿಶೇಷವಾಗಿರಲಿಲ್ಲ. ಪುಸ್ತಕಗಳಿಗೂ, ಬಂದುಹೋಗುವ ವಿದ್ವಾಂಸರಿಗೂ ಕೊರತೆಯಿರಲಿಲ್ಲ. ಕಾವ್ಯ, ವೇದಾಂತ, ರಾಜ್ಯಶಾಸ್ತ್ರಗಳ ಮಾತು ಹಗಲಿರುಳೂ ನಡೆಯುತ್ತಿದ್ದ ಅಂಥ ಮನೆಯಲ್ಲಿ ಬೆಳೆದ ಹುಡುಗ ಗಿಡದ ಕಡೆಗೆ ತಿರುಗಿದನೆಂಬುದು ಗಮನಿಸಬೇಕಾದ ಸಂಗತಿ. ದೊಡ್ಡ ಮರದ ನೆರಳಿನಲ್ಲಿ ಹುಟ್ಟಿದ ಸಸಿಗೆ ತನ್ನ ಪಾಲಿನ ಬೆಳಕನ್ನು ಬೇರೆ ದಿಕ್ಕಿನಲ್ಲಿ ಹುಡುಕಿಕೊಳ್ಳಬೇಕಾಗುತ್ತದೆ. ಸ್ವಾಮಿ ಅದನ್ನು ಸೂಕ್ಷ್ಮದರ್ಶಕದ ಕೊಳವೆಯಲ್ಲಿ ಕಂಡುಕೊಂಡರು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಅಭ್ಯಸಿಸಿದ ಅವರು ಸಂಶೋಧನೆಗೆ ಆರಿಸಿಕೊಂಡುದು ಆರ್ಕಿಡ್‌ಗಳನ್ನು. ಜಗತ್ತಿನಲ್ಲಿ ಈ ಕುಟುಂಬದ ಜಾತಿಗಳು ೨೫,೦೦೦ಕ್ಕೂ ಮೀರಿವೆ. ಭಾರತದಲ್ಲಿಯೇ ಸಾವಿರಕ್ಕೂ ಹೆಚ್ಚು. ಸಾಮಾನ್ಯರು ಅವುಗಳ ಹೂವನ್ನು ನೋಡಿ ಮೆಚ್ಚುತ್ತಾರೆ. ಸ್ವಾಮಿಯವರ ಕುತೂಹಲ ಹೂ ಬಾಡಿದ ಮೇಲೆ ಆರಂಭವಾಗುವ ಕಥೆಯಲ್ಲಿತ್ತು. ಹೂವಿನೊಳಗೆ ಅಂಡ ಹೇಗೆ ರೂಪುಗೊಳ್ಳುತ್ತದೆ, ಪರಾಗ ಬಂದು ಸೇರಿದ ಮೇಲೆ ಭ್ರೂಣದ ಮೊದಲ ಕಣ ಯಾವ ಕಡೆಗೆ ಒಡೆಯುತ್ತದೆ, ಒಡೆದ ಭಾಗಗಳಲ್ಲಿ ಯಾವುದು ಗಿಡವಾಗುತ್ತದೆ, ಯಾವುದು ಗಿಡಕ್ಕೆ ಆಹಾರ ತರುವ ದಾರವಾಗಿ ಸಾಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಅವರ ಕೆಲಸವಾಯಿತು. ಕಾಯಿಯನ್ನು ದಿನದಿನವೂ ಕಿತ್ತು, ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ತೆಳ್ಳಗೆ ಸೀಳಿ, ಬಣ್ಣ ಹಚ್ಚಿ ನೋಡಬೇಕು. ಒಂದು ಘಟ್ಟ ತಪ್ಪಿದರೆ ಮುಂದಿನ ವರ್ಷದ ಹೂವಿಗೆ ಕಾಯಬೇಕು. ಈ ಸಹನೆಯ ಫಲವಾಗಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಡಿ.ಎಸ್‌ಸಿ. ಪದವಿಯನ್ನಿತ್ತಿತು. ಆರ್ಕಿಡ್‌ಗಳ ಭ್ರೂಣದ ಬೆಳವಣಿಗೆಯನ್ನು ಕುರಿತ ಅವರ ದೀರ್ಘವಾದ ಲೇಖನಗಳು ೧೯೪೯ರಲ್ಲಿ ಅಮೆರಿಕದ ಶಾಸ್ತ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದವು. ಆರ್ಕಿಡ್ ಭ್ರೂಣಗಳನ್ನು ಅವುಗಳ ಬೆಳವಣಿಗೆಯ ರೀತಿಯನ್ನು ಅನುಸರಿಸಿ ವರ್ಗ ವರ್ಗವಾಗಿ ವಿಂಗಡಿಸಿದ ಆ ಕೆಲಸವನ್ನು ಈ ವಿಷಯದಲ್ಲಿ ದುಡಿಯುವವರು ಇಂದಿಗೂ ನೆನೆಯುತ್ತಾರೆ.

ಆ ಬೀಜದ ಸ್ವಭಾವವನ್ನು ಎರಡು ಮಾತಿನಲ್ಲಿ ಹೇಳಬೇಕು. ಇಲ್ಲದಿದ್ದರೆ ಆ ಕೆಲಸದ ಸ್ವಾರಸ್ಯ ತಿಳಿಯದು. ಜೋಳದ ಕಾಳಿನೊಳಗೆ ಎಳೆಯ ಸಸಿಗೆ ಬೇಕಾದ ಬುತ್ತಿ ಕಟ್ಟಿಟ್ಟಿರುತ್ತದೆ. ಆರ್ಕಿಡ್ ತಾಯಿಗೆ ಬುತ್ತಿ ಕಟ್ಟುವ ಪದ್ಧತಿಯಿಲ್ಲ. ಒಂದೊಂದು ಕಾಯಿಯಲ್ಲಿಯೂ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜಗಳು. ಒಂದೊಂದೂ ಧೂಳಿನ ಕಣದಷ್ಟು. ಅದರೊಳಗಿನ ಭ್ರೂಣಕ್ಕೆ ಬೇರಿಲ್ಲ, ಎಲೆಯಿಲ್ಲ, ಆಹಾರವಿಲ್ಲ. ಗಾಳಿ ಒಯ್ದು ಎಲ್ಲಿ ಹಾಕಿತೋ ಅಲ್ಲಿ, ಒಂದು ಬಗೆಯ ಶಿಲೀಂಧ್ರದ ಎಳೆ ಬಂದು ಆ ಬೀಜವನ್ನು ಹೊಕ್ಕು ಅನ್ನ ಕೊಟ್ಟರೆ ಮಾತ್ರ ಮೊಳಕೆ. ಈ ರಹಸ್ಯವನ್ನು ಫ್ರಾನ್ಸಿನ ನೊಯೆಲ್ ಬರ್ನಾರ್ ಎಂಬ ತರುಣ ವಿಜ್ಞಾನಿ ೧೮೯೯ರಲ್ಲಿ ಕಂಡುಹಿಡಿದನು. ೧೯೨೨ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಶಿಲೀಂಧ್ರವಿಲ್ಲದೆ ಸಕ್ಕರೆ ಬೆರೆಸಿದ ಪಾಕದಲ್ಲಿಯೇ ಬೀಜ ಮೊಳೆಯುವಂತೆ ಮಾಡಿದನು. ಇಂದು ಪೇಟೆಯಲ್ಲಿ ಕುಂಡದಲ್ಲಿ ಮಾರುವ ಆರ್ಕಿಡ್‌ಗಳ ಹಿಂದಿರುವುದು ಆ ವಿದ್ಯೆ. ಆದರೆ ಗುಡ್ಡದ ಮೇಲಿನ ಕಾಡುಹೂವಿಗೆ ಇಂದಿಗೂ ಆ ಹಳೆಯ ಋಣವೇ ಗತಿ. ಲಕ್ಷ ಬೀಜಗಳಲ್ಲಿ ಗಿಡವಾಗುವುದು ಕೆಲವೇ ಕೆಲವು. ಹೀಗಿರುವಾಗ, ಹೂ ಚೆನ್ನಾಗಿದೆಯೆಂದು ಗಡ್ಡೆಸಹಿತ ಒಂದು ಗಿಡವನ್ನು ಕಿತ್ತರೆ ಎಷ್ಟು ವರ್ಷಗಳ ಅದೃಷ್ಟವನ್ನು ಕಿತ್ತಂತಾಯಿತೆಂಬುದನ್ನು ವಾಚಕರೇ ಊಹಿಸಬಹುದು.

ಸ್ವಾಮಿಯವರು ಪರೀಕ್ಷಿಸಿದ ಆರ್ಕಿಡ್‌ಗಳಲ್ಲಿ ಒಂದನ್ನು ಇಲ್ಲಿ ಹೆಸರಿಸುವೆನು, ಅದು ಬಯಲಿನವರಾದ ನಮಗೂ ನಿಲುಕುವಂಥದೆಂಬ ಕಾರಣದಿಂದ. ಜ್ಯೂಕ್ಸೈನ್ ಸಲ್ಕೇಟಾ ಎಂದು ಅಂದು ಕರೆಯುತ್ತಿದ್ದ ಗಿಡ ಅದು. ಅದನ್ನು ಕುರಿತ ಅವರ ಲೇಖನ ೧೯೪೬ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಗೇಣುದ್ದವೂ ಇಲ್ಲದ ಈ ಗಿಡಕ್ಕೆ ದೊಡ್ಡ ಕಾಡು ಬೇಡ; ಹಸಿ ಹುಲ್ಲು, ನದಿಯ ದಂಡೆ, ಗದ್ದೆಯ ಬದು ಸಾಕು. ಚಳಿಗಾಲದಲ್ಲಿ ಬಿಳಿಯ ಸಣ್ಣ ಹೂಗಳ ತೆನೆ ಹೊರುತ್ತದೆ. ಪರಾಗದ ನೆರವಿಲ್ಲದೆಯೂ ಇದರ ಬೀಜದೊಳಗೆ ಭ್ರೂಣ ಬೆಳೆಯಬಲ್ಲುದು. ಆದ್ದರಿಂದಲೇ ಇದು ಹೋದಲ್ಲೆಲ್ಲ ಊರು ಮಾಡುತ್ತದೆ. ೧೯೩೦ರ ದಶಕದಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತಕ್ಕೆ ಕರೆಯದೆಯೇ ಹೋಗಿ ಅಲ್ಲಿನ ಹುಲ್ಲುಹಾಸುಗಳಲ್ಲಿ ನೆಲೆಸಿಬಿಟ್ಟಿತು. ರೈತನ ಕಾಲ ಕೆಳಗೆ ಸಿಕ್ಕುವ ಇಂಥ ಗಿಡದಲ್ಲಿ ಪಂಡಿತರು ತಲೆದೂಗುವ ವಿಷಯವಿದೆಯೆಂದು ಸ್ವಾಮಿ ಕಂಡರು.

೧೯೪೦ರ ದಶಕದ ಕೊನೆಯಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, ಮರದ ಒಳರಚನೆಯನ್ನು ಕುರಿತ ಶಾಸ್ತ್ರದಲ್ಲಿ ಆಚಾರ್ಯರೆನಿಸಿದ್ದ ಇರ್ವಿಂಗ್ ಬೈಲಿಯವರ ಜೊತೆಗೆ ಕೆಲಸ ಮಾಡಿದರು. ಹೂಬಿಡುವ ಗಿಡಗಳಲ್ಲಿ ಎಲ್ಲಕ್ಕಿಂತ ಹಳೆಯ ಮನೆತನ ಯಾವುದು ಎಂಬುದು ಅಲ್ಲಿ ಅವರೆದುರಿಗಿದ್ದ ಪ್ರಶ್ನೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಮಾತ್ರ ಬೆಳೆಯುವ ಅಂಬೊರೆಲ್ಲಾ ಎಂಬ ಗಿಡದ ಕಾಂಡದಲ್ಲಿ, ಇತರ ಮರಗಳಲ್ಲಿ ನೀರು ಸಾಗಿಸುವ ತೆರೆದ ನಳಿಕೆಗಳಿಲ್ಲವೆಂದು ಗುರುಶಿಷ್ಯರು ೧೯೪೮ರಲ್ಲಿ ಬರೆದರು. ಐವತ್ತು ವರ್ಷಗಳ ತರುವಾಯ, ೧೯೯೯ರಲ್ಲಿ, ಜೀವಕಣದ ಆನುವಂಶಿಕ ವಸ್ತುವನ್ನೇ ಪರೀಕ್ಷಿಸಿದ ವಿಜ್ಞಾನಿಗಳು, ಇಂದಿರುವ ಹೂಗಿಡಗಳ ವಂಶವೃಕ್ಷದಲ್ಲಿ ಮೊಟ್ಟಮೊದಲು ಕವಲೊಡೆದುದು ಅಂಬೊರೆಲ್ಲಾ ಎಂದು ತೋರಿಸಿದರು. ಹೂವಿನಲ್ಲಿ ಬೀಜವನ್ನು ಹೊರುವ ಅಂಗವು ಮೂಲದಲ್ಲಿ ನಡುನರದ ಗುಂಟ ಮಡಚಿಕೊಂಡ ಎಲೆಯಂತೆ ಇದ್ದಿತೆಂದು ಅವರಿಬ್ಬರೂ ೧೯೫೧ರಲ್ಲಿ ಪ್ರತಿಪಾದಿಸಿದ ವಿಚಾರವೂ ಬಹುಕಾಲ ಪಠ್ಯಪುಸ್ತಕಗಳಲ್ಲಿ ನಿಂತಿತು. ಅಮೆರಿಕದಲ್ಲಿ ಕಳೆದ ದಿನಗಳನ್ನು ಅವರು ಮುಂದೆ ‘ಅಮೆರಿಕದಲ್ಲಿ ನಾನು’ ಎಂಬ ಪುಸ್ತಕದಲ್ಲಿ ಕನ್ನಡಿಗರ ಮುಂದಿಟ್ಟರು.

ಸ್ವದೇಶಕ್ಕೆ ಮರಳಿದ ಮೇಲೆ ಅವರ ಬದುಕಿನ ಬಹುಭಾಗ ಕಳೆದುದು ಮದರಾಸಿನಲ್ಲಿ. ೧೯೫೦ರ ದಶಕದ ಆದಿಯಲ್ಲಿ ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಪ್ರಾಧ್ಯಾಪಕರಾದರು. ಮುಂದೆ ಅದೇ ಕಾಲೇಜಿನ ಪ್ರಿನ್ಸಿಪಾಲರೂ ಆದರು. ನೀಲಗಿರಿ ಮತ್ತು ಪಳನಿ ಬೆಟ್ಟಗಳ ನೆತ್ತಿಯ ಹೂಗಳನ್ನು ಕುರಿತು ೧೯೧೫ರಲ್ಲಿ ಗ್ರಂಥ ಬರೆದ ಫೈಸನ್ ಸಾಹೇಬರು ಪಾಠ ಹೇಳಿದ್ದುದು ಅದೇ ವಿಭಾಗದಲ್ಲಿ. ಬೆಟ್ಟ ಹತ್ತುವುದು ಹೀಗೆ ಆ ಪೀಠದ ಪರಂಪರೆ. ಸ್ವಾಮಿ ವರ್ಷವರ್ಷವೂ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ದಕ್ಷಿಣದ ಘಟ್ಟಗಳಿಗೆ ಹೊರಡುತ್ತಿದ್ದರು. ಕಾಡಿನಲ್ಲಿ ಗಿಡವನ್ನು ಗುರುತಿಸುವುದು, ಒಣಗಿಸಿ ಹಾಳೆಗೆ ಅಂಟಿಸುವುದು, ಅದರ ಬಂಧುಬಳಗವನ್ನು ಹುಡುಕುವುದು ಇವೆಲ್ಲ ಆ ಪ್ರವಾಸಗಳ ಪಾಠ. ಅಂಥ ಬೆಟ್ಟಗಳಲ್ಲಿ ಸಿಕ್ಕಿದ ಸಾರ್ಕಾಂಡ್ರ ಎಂಬ ಕುಲದ ಗಿಡವೊಂದಕ್ಕೆ ೧೯೫೩ರಲ್ಲಿ ಅವರು ತಮ್ಮ ಗುರು ಇರ್ವಿಂಗ್ ಬೈಲಿಯವರ ಹೆಸರನ್ನಿಟ್ಟರು. ನೀರಿನ ನಳಿಕೆಗಳಿಲ್ಲದ ಮರಗಳ ಪಟ್ಟಿಗೆ ಸಾರ್ಕಾಂಡ್ರವನ್ನು ಗುರುಶಿಷ್ಯರು ೧೯೫೦ರಲ್ಲಿಯೇ ಸೇರಿಸಿದ್ದರು. ೧೯೮೭ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬ ಅಮೆರಿಕದ ವಿದ್ವಾಂಸರು, ಅದರಲ್ಲಿಯೂ ಅಂಥ ನಳಿಕೆಗಳು ಅಸ್ಪಷ್ಟ ರೂಪದಲ್ಲಿ ಉಂಟೆಂದು ತೋರಿಸಿದರು. ಶಾಸ್ತ್ರ ಮುಂದುವರಿಯುವ ರೀತಿಯೇ ಹಾಗೆ. ಹಿಂದಿನವರು ನೋಡಿದ್ದರಿಂದಲೇ ಮುಂದಿನವರಿಗೆ ಇನ್ನೂ ಹತ್ತಿರದಿಂದ ನೋಡುವ ಮನಸ್ಸಾಗುತ್ತದೆ.

ಇಷ್ಟೇ ಆಗಿದ್ದರೆ ಸ್ವಾಮಿ ವಿಜ್ಞಾನಿಗಳ ನೆನಪಿನಲ್ಲಿ ಉಳಿಯುತ್ತಿದ್ದರು. ನಿಪ್ಪಾಣಿಯ ಕಡೆಯ ಕನ್ನಡ ಮೇಷ್ಟರ ಕೈಗೆ ಸಿಕ್ಕುತ್ತಿರಲಿಲ್ಲ. ಅವರ ಸಂಶೋಧನೆಯೆಲ್ಲ ಇಂಗ್ಲಿಷಿನಲ್ಲಿತ್ತು. ದಿನವೂ ಕೇಳುತ್ತಿದ್ದ ಭಾಷೆ ತಮಿಳು. ಕನ್ನಡದಲ್ಲಿ ಬರೆಯಬೇಕೆಂದು ಅವರನ್ನು ಬಲವಂತಪಡಿಸುವ ಕಾರಣ ಯಾವುದೂ ಇರಲಿಲ್ಲ. ಆದರೂ ಐವತ್ತರ ವಯಸ್ಸನ್ನು ದಾಟಿದ ಮೇಲೆ ಅವರ ಲೇಖನಿಯಿಂದ ಕನ್ನಡ ಪುಸ್ತಕಗಳು ಒಂದರ ಹಿಂದೊಂದು ಹೊರಟವು. ‘ಕಾಲೇಜುರಂಗ’ದಲ್ಲಿ ವಿದ್ಯಾಸಂಸ್ಥೆಗಳ ಒಳಗನ್ನು ನಗುನಗುತ್ತ ಬಯಲಿಗಿಟ್ಟರು; ೧೯೭೬ರಲ್ಲಿ ಅದು ಪುಟ್ಟಣ್ಣ ಕಣಗಾಲರ ಚಲಚ್ಚಿತ್ರವೂ ಆಯಿತು. ‘ಶಾಸನಗಳಲ್ಲಿ ಗಿಡಮರಗಳು’, ‘ತಮಿಳು ತಲೆಗಳ ನಡುವೆ’, ‘ಪಂಚಕಲಶ ಗೋಪುರ’ ಮೊದಲಾದವುಗಳಲ್ಲಿ ಅವರ ವಿದ್ವತ್ತಿನ ಬೇರೆ ಬೇರೆ ಮುಖಗಳು ಕಾಣುತ್ತವೆ. ಇವುಗಳ ನಡುವೆ ೧೯೭೬ರಲ್ಲಿ ಬಂದ ಪುಸ್ತಕ ‘ಹಸುರು ಹೊನ್ನು’.

ಈ ಗ್ರಂಥ ವಿದ್ಯಾರ್ಥಿಗಳೊಡನೆ ಮಾಡಿದ ಬೆಟ್ಟದ ಪ್ರವಾಸಗಳ ಕಥನ. ಅದರಲ್ಲಿ ಗಿಡಗಳ ಶಾಸ್ತ್ರೀಯ ನಾಮಗಳಿವೆ, ಅವುಗಳ ಕನ್ನಡದ ಹೆಸರುಗಳಿವೆ, ಸ್ವಾಮಿಯವರೇ ಬರೆದ ಚಿತ್ರಗಳಿವೆ. ಜೊತೆಗೆ ತುಂಟ ಹುಡುಗರ ಚೇಷ್ಟೆಗಳಿವೆ, ಕಾಡಿನ ಫಜೀತಿಗಳಿವೆ, ಶಾಸನ ಕಾವ್ಯಗಳ ನೆನಪುಗಳಿವೆ. ಓದುವವನು ನಗುತ್ತ ನಗುತ್ತ ಹತ್ತು ಗಿಡಗಳ ಗುರುತನ್ನು ಮನಸ್ಸಿನಲ್ಲಿಟ್ಟುಕೊಂಡು ಮೇಲೇಳುತ್ತಾನೆ. ಪಾಠವೆಂಬ ಭಾರವೇ ತಿಳಿಯದಂತೆ ಪಾಠ ಹೇಳುವುದು ಅಧ್ಯಾಪಕ ವೃತ್ತಿಯ ಕೊನೆಯ ಮೆಟ್ಟಿಲು. ಆ ಮೆಟ್ಟಿಲನ್ನು ಏರಿದವರ ಕೈಬರಹ ಅದು.

ಗಿಡಗಳನ್ನು ಪಟ್ಟಿಮಾಡಿದವರು ನಮ್ಮ ಕಡೆಯಲ್ಲಿ ಹಿಂದೆಯೂ ಇದ್ದರು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಬೆಳಗಾವಿ ಜಿಲ್ಲೆ ಮುಂಬಯಿಗೆ ಸೇರಿದ್ದಿತಷ್ಟೆ. ಡಾಲ್ಜೆಲ್, ಗಿಬ್ಸನ್ ಎಂಬ ಇಬ್ಬರು ಬ್ರಿಟಿಷ್ ಅಧಿಕಾರಿಗಳು ೧೮೬೧ರಲ್ಲಿಯೇ ಮುಂಬಯಿ ಪ್ರಾಂತದ ಗಿಡಗಳನ್ನು ಕುರಿತು ಗ್ರಂಥ ಬರೆದರು. ೧೯೦೧ರಿಂದ ೧೯೦೮ರವರೆಗೆ ಥಿಯೊಡೋರ್ ಕುಕ್ ಅದನ್ನು ಇನ್ನೂ ವಿಸ್ತಾರವಾಗಿ ಬರೆದನು. ಸ್ಪೇನ್ ದೇಶದಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಪಾದ್ರಿ ಸಂತಾಪಾವ್ ತಮ್ಮ ಶಿಷ್ಯರೊಡನೆ ಮುಂಬಯಿ ಪ್ರಾಂತದ ಆರ್ಕಿಡ್‌ಗಳನ್ನೇ ಕುರಿತು ೧೯೬೬ರಲ್ಲಿ ಪುಸ್ತಕ ಹೊರತಂದರು. ಇವರೆಲ್ಲರ ಶ್ರಮ ದೊಡ್ಡದು. ಇವರಿಲ್ಲದಿದ್ದರೆ ಹೆಸರಿಡುವ ಕೆಲಸವೇ ಆಗುತ್ತಿರಲಿಲ್ಲ. ಆದರೆ ಆ ಗ್ರಂಥಗಳನ್ನು ಸ್ತವನಿಧಿಯ ತಪ್ಪಲಿನ ಹುಡುಗನ ಕೈಗೆ ಕೊಟ್ಟರೆ ಅವನು ಏನು ಮಾಡಬೇಕು? ತನ್ನ ಮನೆಯ ಹಿತ್ತಿಲಿನ ಗಿಡವೇ ಅಲ್ಲಿ ಅವನಿಗೆ ಅಪರಿಚಿತ. ಸ್ವಾಮಿಯವರು ಆ ಗ್ರಂಥಗಳ ವಿದ್ಯೆಯನ್ನು ತಾವು ಅರಗಿಸಿಕೊಂಡು, ಮನೆಮಾತಿನಲ್ಲಿ, ನಗೆಯ ಹದದಲ್ಲಿ ಹಿಂದಿರುಗಿಸಿದರು.

ಇದರ ಬೆಲೆ ನನಗೆ ತಿಳಿದುದು ಪಾಠದ ಕೋಣೆಯ ಹೊರಗೆ. ಒಂದು ಬೇಸಿಗೆಯಲ್ಲಿ ಕೆಲವು ವಿದ್ಯಾರ್ಥಿಗಳೊಡನೆ ರಾಯಬಾಗದ ಹತ್ತಿರ ಹೊಲದ ದಾರಿಯಲ್ಲಿ ಹೋಗುತ್ತಿದ್ದೆ. ಬದುವಿನ ಹಳೆಯ ಮಾವಿನ ಮರವನ್ನೇರಿ ರೈತರೊಬ್ಬರು ಕೊಂಬೆಗಳಿಗೆ ಅಂಟಿದ್ದ ಗಿಡಗಳನ್ನು ಕೊಡಲಿಯಿಂದ ಕೆತ್ತಿ ಕೆಡವುತ್ತಿದ್ದರು. ಅವರು ನಮ್ಮ ಹುಡುಗರಲ್ಲಿ ಒಬ್ಬನ ಕಾಕಾ. ಬದನಿಕೆ ಹತ್ತಿದರೆ ಮರ ಸೊರಗುತ್ತದೆಂಬುದು ಅವರ ಚಿಂತೆ; ಅದು ನಿಜವೂ ಹೌದು. ಆದರೆ ಕೆಳಗೆ ಬಿದ್ದ ರಾಶಿಯಲ್ಲಿ ಎರಡು ಬಗೆಯ ಗಿಡಗಳಿದ್ದವು. ಒಂದು ನಿಜವಾದ ಬದನಿಕೆ. ಇನ್ನೊಂದು ದಪ್ಪನೆಯ ಪಟ್ಟಿಯಂಥ ಎಲೆಗಳೂ ಹಗ್ಗದಂಥ ಬಿಳಿಯ ಬೇರುಗಳೂ ಉಳ್ಳ ವಾಂಡಾ ಎಂಬ ಆರ್ಕಿಡ್. ಕಂದು ಚೌಕುಳಿಯ ಎಸಳು, ನೇರಳೆ ಬಣ್ಣದ ತುಟಿ, ಮೆಲುವಾದ ಪರಿಮಳ ಇರುವ ಹೂ ಅದರದು.

ಎರಡಕ್ಕೂ ಇರುವ ಭೇದವನ್ನು ಮಾತಿನಲ್ಲಿ ಹೇಳುವ ಅಗತ್ಯ ಬೀಳಲಿಲ್ಲ. ಬದನಿಕೆ ಹತ್ತಿದ ಟೊಂಗೆಯನ್ನು ಅಡ್ಡಲಾಗಿ ಸೀಳಿ ನೋಡಿದೆವು. ಅದರ ಬುಡ ಮಾವಿನ ಕಟ್ಟಿಗೆಯೊಳಗೇ ಇಳಿದು ಒಂದಾಗಿತ್ತು. ಮರದ ಸಾರವನ್ನು ಅದು ಹೀರುವುದು ಅಲ್ಲಿಂದ. ಆರ್ಕಿಡ್‌ನ ಬೇರನ್ನು ಮೆಲ್ಲನೆ ಎಬ್ಬಿಸಿದರೆ ಅದು ತೊಗಟೆಯ ಮೇಲಿನಿಂದ ಸುಲಿದುಬಂದಿತು. ಕೆಳಗಿನ ತೊಗಟೆಗೆ ಗಾಯವಿಲ್ಲ. ಅದು ಮರದಿಂದ ಬೇಡುವುದು ನಿಲ್ಲಲು ಜಾಗವನ್ನು ಮಾತ್ರ. ಬೇರಿನ ಬಿಳಿಯ ಹೊದಿಕೆ ಮಳೆಯ ಹನಿಯನ್ನೂ ಗಾಳಿಯ ತೇವವನ್ನೂ ಹೀರಿಕೊಂಡು ಗಿಡವನ್ನು ಸಾಕುತ್ತದೆ. ಒಬ್ಬ ಬಾಡಿಗೆಗಿದ್ದವನು, ಇನ್ನೊಬ್ಬ ಕನ್ನ ಹಾಕಿದವನು. ರೈತರು ಎರಡೂ ತುಂಡುಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಬಳಿಕ ಮರದಲ್ಲಿ ಉಳಿದಿದ್ದ ಆರ್ಕಿಡ್‌ಗಳನ್ನು ಬಿಟ್ಟು ಬದನಿಕೆಯನ್ನು ಮಾತ್ರ ಕಡಿದು ಇಳಿದರು. ಬಿದ್ದುದರಲ್ಲಿ ಒಂದನ್ನು ಹುಡುಗರು ತೆಂಗಿನ ನಾರಿನಿಂದ ಮತ್ತೆ ಕವಲಿಗೆ ಕಟ್ಟಿದರು. ಸುತ್ತಲಿನ ಹಳೆಯ ಮರಗಳಲ್ಲಿ ಇಂಥ ಎಷ್ಟು ಗಿಡಗಳು ಬದನಿಕೆಯೆಂಬ ಅಪವಾದ ಹೊತ್ತು ಅಳಿದಿವೆಯೋ! ಹೆಸರು ತಪ್ಪಿದರೆ ಜೀವ ಹೋಗುತ್ತದೆ. ಗಿಡದ ಹೆಸರನ್ನು ಕಲಿಯುವುದು ಪರೀಕ್ಷೆಗಾಗಿ ಮಾತ್ರವಲ್ಲವೆಂಬುದನ್ನು ಆ ಹುಡುಗರು ಅಂದು ಕಂಡರು.

ಗಡಿಯ ಸೀಮೆಯವರಾದ ನಮಗೆ ಹೆಸರಿನ ವಿಷಯದಲ್ಲಿ ಇನ್ನೊಂದು ಅನುಭವವಿದೆ. ನಮ್ಮ ಮುತ್ತಲ ನೆರೆಮನೆಯವರಿಗೆ ಪಳಸ. ನಮ್ಮ ಕಕ್ಕೆ ಅವರಿಗೆ ಬಹಾವಾ. ನಮ್ಮ ಹಾಲುವಾಣ ಅವರಿಗೆ ಪಾಂಗಾರಾ. ಒಂದೇ ತರಗತಿಯಲ್ಲಿ ಒಂದೇ ಮರಕ್ಕೆ ಎರಡು ಹೆಸರುಗಳು ಏಳುತ್ತವೆ. ಸಂಕೇಶ್ವರದಿಂದ ಆಜರೆಯ ಮಾರ್ಗವಾಗಿ ಅಂಬೋಲಿಯ ಘಟ್ಟಕ್ಕೆ ಹೋದಾಗ ಇದನ್ನು ಚೆನ್ನಾಗಿ ಕಂಡಿದ್ದೇನೆ. ಶಿಶಿರ ಕಳೆಯುವ ಹೊತ್ತಿಗೆ ಆ ಕಡೆಯ ಎಲೆಯುದುರಿದ ಮರಗಳ ಮೇಲೆ ಡೆಂಡ್ರೋಬಿಯಂ ಎಂಬ ಆರ್ಕಿಡ್ ತನ್ನ ಬೋಳು ಕಡ್ಡಿಗಳ ತುಂಬ ಬಿಳಿಯ ಹೂ ಬಿಟ್ಟು ತೂಗುತ್ತಿರುತ್ತದೆ. ಅದನ್ನು ನೋಡಲು ನಿಂತ ಕನ್ನಡ ಹುಡುಗನಿಗೂ ಮರಾಠಿ ಹುಡುಗನಿಗೂ ಲ್ಯಾಟಿನ್ ಹೆಸರು ಸಮಾನವಾಗಿ ಪರಕೀಯ, ಆದ್ದರಿಂದಲೇ ಸಮಾನವಾಗಿ ಸ್ವಂತ. ಅಲ್ಲಿ ಜಗಳಕ್ಕೆ ಎಡೆಯಿಲ್ಲ. ಆದರೆ ಆ ಹೆಸರು ನಾಲಗೆಗೆ ಒಗ್ಗಬೇಕಾದರೆ ಮೊದಲು ಮನೆಮಾತಿನ ಹೆಸರು ತಿಳಿದಿರಬೇಕು. ಎರಡನ್ನೂ ಅಕ್ಕಪಕ್ಕ ಕೂರಿಸಿ, ಒಂದರ ಕೈಯನ್ನು ಇನ್ನೊಂದಕ್ಕೆ ಹಿಡಿಸಿದ ಸ್ವಾಮಿಯವರ ಕ್ರಮ ನಮ್ಮಂಥ ಸೀಮೆಗೆ ವಿಶೇಷವಾಗಿ ಹೊಂದುತ್ತದೆ.

ಬೆಟ್ಟ ದೂರವಾಯಿತೆನ್ನುವ ಬಯಲಿನ ವಾಚಕನನ್ನೂ ಅವರು ಬಿಡಲಿಲ್ಲ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಎಂಬ ಪುಸ್ತಕದಲ್ಲಿ, ನಾವು ಅನಾದಿಯಿಂದ ನಮ್ಮದೆಂದು ತಿಳಿದು ಉಣ್ಣುವ ಎಷ್ಟೋ ಪದಾರ್ಥಗಳು ಆ ದೂರದ ಖಂಡದಿಂದ ಬಂದವೆಂಬುದನ್ನು ಸೋಜಿಗವಾಗುವಂತೆ ಹೇಳಿದರು. ಅಥಣಿಯ ಸಂತೆಯ ಶೇಂಗಾ, ಆಲೂಗಡ್ಡೆ, ಟೊಮೆಟೊಗಳನ್ನು ನೋಡಿದಾಗ ನನಗೆ ಆ ಪುಸ್ತಕದ ನೆನಪಾಗುತ್ತದೆ. ಹೊಟ್ಟೆಗೆ ಹೋಗದಿದ್ದರೂ ನಿಪ್ಪಾಣಿಯ ಹೊಟ್ಟೆ ಹೊರೆದ ತಂಬಾಕೂ ಅದೇ ಖಂಡದ ಬೆಳೆ. ಪೋರ್ತುಗೀಜರ ಕಾಲದಲ್ಲಿ ನಮ್ಮ ದೇಶಕ್ಕೆ ಬಂದುದು. ನೆಲಕ್ಕೆ ಬಂದ ಗಿಡವನ್ನು ನೆಲ ಪರಕೀಯವೆಂದು ನೂಕುವುದಿಲ್ಲ.

ತಂದೆ ಮಗ ಇಬ್ಬರೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. ೧೯೬೭ರಲ್ಲಿ ಗುಂಡಪ್ಪನವರ ಭಗವದ್ಗೀತಾ ತಾತ್ಪರ್ಯಕ್ಕೆ ಆ ಗೌರವ ಸಂದಿತು. ೧೯೭೮ರಲ್ಲಿ ಅದು ಮಗನ ‘ಹಸುರು ಹೊನ್ನಿ’ಗೆ ಬಂದಾಗ ನೋಡಿ ಸಂತೋಷಪಡಲು ತಂದೆ ಇರಲಿಲ್ಲ, ೧೯೭೫ರಲ್ಲಿಯೇ ಅವರು ತೀರಿಕೊಂಡಿದ್ದರು. ಗೀತೆಯ ವ್ಯಾಖ್ಯಾನಕ್ಕೆ ಸಂದ ಗೌರವವೇ ಗಿಡಗಳ ಕಥೆಗೂ ಸಂದುದು ಕನ್ನಡದ ಮಟ್ಟಿಗೆ ಒಂದು ಒಳ್ಳೆಯ ನಿರ್ಣಯವೆಂದು ನಾನು ಭಾವಿಸುತ್ತೇನೆ. ಸಾಹಿತ್ಯವೆಂದರೆ ಕಥೆ ಕಾವ್ಯ ನಾಟಕಗಳು ಮಾತ್ರವೆಂಬ ಬೇಲಿ ಅಂದು ಸ್ವಲ್ಪ ಸರಿಯಿತು.

ನಿವೃತ್ತಿಯ ತರುವಾಯ ಸ್ವಾಮಿಯವರು ಮೈಸೂರಿಗೆ ಬಂದು ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮುಂದುವರಿಸಿದರು. ಬರೆಯುವುದು ಬಹಳ ಉಳಿದಿತ್ತು. ಶಿಷ್ಯರಾದ ಕೃಷ್ಣಮೂರ್ತಿಯವರೊಡನೆ ಬರೆದ, ಹೂಗಿಡಗಳ ಭ್ರೂಣಶಾಸ್ತ್ರವನ್ನು ಕುರಿತ ಇಂಗ್ಲಿಷ್ ಗ್ರಂಥ ೧೯೮೦ರಲ್ಲಿ ಹೊರಬಂದಿತು. ಹೂವಿನಿಂದ ಹಣ್ಣಿನವರೆಗಿನ ದಾರಿ ಅದರ ವಸ್ತು. ತರುಣನಾಗಿದ್ದಾಗ ಹಿಡಿದ ಪ್ರಶ್ನೆಯನ್ನು ಅವರು ಕೊನೆಯವರೆಗೂ ಕೈಬಿಟ್ಟಿರಲಿಲ್ಲ. ಅದೇ ವರ್ಷದ ನವೆಂಬರ್ ತಿಂಗಳಿನಲ್ಲಿ ಅವರು ಮೃತಪಟ್ಟರು. ಅರವತ್ತನ್ನು ದಾಟಿ ಕೆಲವೇ ವರ್ಷಗಳಾಗಿದ್ದವು. ಕನ್ನಡಕ್ಕೆ ಅವರು ಪೂರ್ಣವಾಗಿ ದೊರೆತುದು ಹತ್ತು ಹನ್ನೆರಡು ವರ್ಷಗಳ ಕಾಲ ಮಾತ್ರ ಎನ್ನಬೇಕು. ಅಷ್ಟರಲ್ಲಿಯೇ ಇಷ್ಟನ್ನು ಕೊಟ್ಟುಹೋದರು.

ಅವರ ಜೀವನವನ್ನು ನೆನೆದಾಗ ನನಗೆ ಮುಖ್ಯವಾಗಿ ತೋರುವುದು ಇದು. ಆರ್ಕಿಡ್‌ನ ಬೀಜದಂತೆ ವಿದ್ಯೆಯೂ ತಾನಾಗಿ ಎಲ್ಲೆಡೆಗೂ ಹಾರಿಹೋಗಬಲ್ಲುದು. ಮೊಳೆಯಬೇಕಾದರೆ ಮಾತ್ರ ಬಿದ್ದ ನೆಲದಲ್ಲಿ ಅದಕ್ಕೆ ಅನ್ನ ಕೊಡುವ ಒಂದು ಎಳೆ ಇರಬೇಕು. ಆ ಎಳೆ ಭಾಷೆ. ಹಾರ್ವರ್ಡಿನವರೆಗೆ ಹೋಗಿ ಬಂದ ವಿದ್ಯೆಯನ್ನು ಸ್ವಾಮಿ ಕನ್ನಡದ ಎಳೆಗೆ ಒಪ್ಪಿಸಿದರು. ಆದ್ದರಿಂದಲೇ ಅವರು ಕಾಲಿಡದ ನಮ್ಮ ಗುಡ್ಡದಲ್ಲಿಯೂ ಅದು ಮೊಳೆಯಿತು.

ನಮ್ಮ ಐದು ತಾಲೂಕುಗಳ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಮೃಗಶಿರೆಯ ಮಳೆ ಬಿದ್ದ ಮೇಲೆ ಒಂದು ಭಾನುವಾರ ಹುಡುಗರನ್ನು ಹತ್ತಿರದ ಗುಡ್ಡಕ್ಕೆ ಕರೆದೊಯ್ಯಿರಿ. ಹೂವನ್ನು ಕೀಳಗೊಡಬೇಡಿರಿ, ಅದರ ಚಿತ್ರ ಬರೆಯಿಸಿರಿ, ಮನೆಯ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆಂದು ಕೇಳಿಕೊಂಡು ಬರಹೇಳಿರಿ. ಕನ್ನಡದ ಹೆಸರು ಒಂದು ಕಡೆ, ಮರಾಠಿಯ ಹೆಸರು ಒಂದು ಕಡೆ, ಶಾಸ್ತ್ರದ ಹೆಸರು ಇನ್ನೊಂದು ಕಡೆ ಬರೆದ ಒಂದು ವಹಿ ಪ್ರತಿಯೊಂದು ಶಾಲೆಯಲ್ಲಿಯೂ ಇರಲಿ. ವರ್ಷಕ್ಕೆ ಹತ್ತು ಹೆಸರು ಸೇರಿದರೂ ಸಾಕು.